ಮನೆ ಹೊತ್ತ ಭಾರ, ಲೆಕ್ಕಕ್ಕೆ ಬಂದ ಉದ್ಯೋಗ

2020ರ ಮೇ ತಿಂಗಳಲ್ಲಿ ಮುಂಬೈಯಿಂದ ಅನೇಕರು ಕೆ.ಆರ್. ಪೇಟೆ, ನಾಗಮಂಗಲದ ತಮ್ಮ ಊರುಗಳಿಗೆ ಮರಳಿದರು. ಹಾಗೆ ಬಂದ ಒಬ್ಬನನ್ನು ಊಹಿಸಿಕೊಳ್ಳೋಣ. ಕ್ವಾರಂಟೈನ್ ಮುಗಿಸಿ, ಅಪ್ಪನ ಎರಡು ಎಕರೆ ಹೊಲದಲ್ಲಿ ರಾಗಿ ಬಿತ್ತನೆಗೆ ಕೈಜೋಡಿಸುತ್ತಾನೆ. ಕೂಲಿಯಿಲ್ಲ. ಇಬ್ಬರು ಮಾಡುತ್ತಿದ್ದ ಕೆಲಸವನ್ನು ಈಗ ಮೂವರು ಮಾಡುತ್ತಾರೆ; ಬೆಳೆಯುವ ರಾಗಿ ಮಾತ್ರ ಮೊದಲಿನಷ್ಟೇ. ಅವನು ನಿರುದ್ಯೋಗಿಯೇ?

ಅಲ್ಲ ಎನ್ನುತ್ತದೆ ಸರ್ಕಾರಿ ಲೆಕ್ಕ. 2017ರಲ್ಲಿ ಶುರುವಾದ ಪಿಎಲ್‌ಎಫ್‌ಎಸ್ ಸಮೀಕ್ಷೆಯ ಪ್ರಕಾರ ಮನೆಯ ಹೊಲದಲ್ಲಿ ಸಂಬಳವಿಲ್ಲದೆ ದುಡಿಯುವವನು ಸ್ವಯಂ ಉದ್ಯೋಗಿ. ವಾರದ ಅಳತೆಯಲ್ಲಾದರೆ, ಏಳು ದಿನಗಳಲ್ಲಿ ಒಂದು ಗಂಟೆ ದುಡಿದಿದ್ದರೂ ಸಾಕು, ಅವನಿಗೆ ಉದ್ಯೋಗವಿದೆ.

ಅಳತೆಗೋಲು ಬದಲಾದರೆ ಏರುಪೇರೂ ಬದಲಾಗುತ್ತದೆ. ಇಡೀ ವರ್ಷವನ್ನು ಒಟ್ಟಾಗಿ ನೋಡುವ ಲೆಕ್ಕದಲ್ಲಿ ದೇಶದ ನಿರುದ್ಯೋಗ 2018-19ರಲ್ಲಿ ಶೇ. 5.8 ಇತ್ತು, ಲಾಕ್‌ಡೌನ್ ತಿಂಗಳುಗಳನ್ನೂ ಒಳಗೊಂಡ 2019-20ರಲ್ಲಿ ಶೇ. 4.8ಕ್ಕೆ ಇಳಿಯಿತು! ಅದೇ ಸಮೀಕ್ಷೆ ನಗರಗಳನ್ನು ವಾರದ ಲೆಕ್ಕದಲ್ಲಿ ಅಳೆದಾಗ, 2020ರ ಏಪ್ರಿಲ್–ಜೂನ್‌ನಲ್ಲಿ ನಿರುದ್ಯೋಗ ಸುಮಾರು ಶೇ. 21. ಎರಡೂ ಸುಳ್ಳಲ್ಲ. ವರ್ಷದ ಲೆಕ್ಕದಲ್ಲಿ ಮೂರು ತಿಂಗಳ ಸಂಕಟ ಕರಗಿಹೋಗುತ್ತದೆ. ಜೊತೆಗೆ, ದುಡಿಯುವವರಲ್ಲಿ ಕೃಷಿಯನ್ನು ನಂಬಿದವರ ಪಾಲು ಶೇ. 42.5ರಿಂದ 45.6ಕ್ಕೆ ಏರಿತ್ತು. ಕೆಲಸ ಕಳೆದುಕೊಂಡವರಲ್ಲಿ ಎಷ್ಟೋ ಜನರನ್ನು ಹೊಲ ಒಳಗೆ ಕರೆದುಕೊಂಡಿತು.

ಈ ಏರುಪೇರು ಪಿಡುಗಿನ ಕಾಲದ್ದು ಮಾತ್ರವಲ್ಲ. ನಾಲೆ ನೀರಿರುವ ಶ್ರೀರಂಗಪಟ್ಟಣ, ಪಾಂಡವಪುರದಲ್ಲಿ ನಾಟಿ, ಕಬ್ಬು ಕಟಾವಿನ ಹೊತ್ತಿಗೆ ಆಳು ಸಿಗುವುದು ಕಷ್ಟ; ನಡುವಿನ ತಿಂಗಳುಗಳಲ್ಲಿ ಕೆಲಸ ಸಿಗುವುದು ಕಷ್ಟ. ಮಳೆ ನಂಬಿದ ನಾಗಮಂಗಲದ ಹೊಲಕ್ಕೆ ಆ ಭರವಸೆಯೂ ಇಲ್ಲ. ಇಂಥ ದೇಶದ ನಿರುದ್ಯೋಗವನ್ನು ಒಂದೇ ಅಂಕಿಯಲ್ಲಿ ಹೇಳಲಾಗದು ಎಂದು ದಾಂತ್‌ವಾಲಾ ಸಮಿತಿ 1970ರಲ್ಲೇ ಎಚ್ಚರಿಸಿತ್ತು.

ಹಾಗಾದರೆ ಇದು ಬರೀ ಅಂಕಿಅಂಶದ ತಕರಾರೇ? ನನಗೆ ಹಾಗೆನಿಸುವುದಿಲ್ಲ. ಮಗ ಮರಳಿದಾಗ ಅಪ್ಪ ತನ್ನ ಪಾಲಿನ ಕೆಲಸವನ್ನು ಹಂಚಿಕೊಟ್ಟ, ಅಮ್ಮ ಇದ್ದ ಹಿಟ್ಟಿನಲ್ಲೇ ಇನ್ನೊಂದು ಮುದ್ದೆ ಕಟ್ಟಿದಳು. ಪೆಟ್ಟು ಮಾಯವಾಗಲಿಲ್ಲ, ಮನೆಯೊಳಗೆ ಬಂತು. ಅದನ್ನು ತಾಳಿಕೊಂಡದ್ದು ಕುಟುಂಬ. ಆದರೆ ಆ ತಾಳ್ಮೆ ಲೆಕ್ಕದಲ್ಲಿ ಆರ್ಥಿಕತೆಯ ಸ್ಥಿರತೆಯಾಗಿ ಕಾಣುತ್ತದೆ. ಯಾರೋ ತೀರಿಸಿದ ಸಾಲಕ್ಕೆ ಇನ್ಯಾರಿಗೋ ಹೊಗಳಿಕೆ ಸಿಕ್ಕಂತೆ.

ಆದ್ದರಿಂದ ನಿರುದ್ಯೋಗ ಇಳಿದಿದೆ ಎಂದು ಓದಿದಾಗ ಎಷ್ಟು ಎಂಬುದರ ಜೊತೆಗೆ, ಯಾರ ಅನ್ನ ಹಂಚಿಕೆಯಾಗಿ ಇಳಿಯಿತು ಎಂದೂ ಕೇಳಬೇಕು. ಮನೆಯವರ ಕರುಣೆ ದೊಡ್ಡದು, ನಿಜ. ಆದರೆ ಅದನ್ನೇ ಉದ್ಯೋಗವೆಂದು ಬರೆದುಕೊಳ್ಳುವ ನಾಡು ತನ್ನ ಹೊಣೆಯನ್ನು ಬಡವರ ಒಲೆಯ ಮುಂದೆ ಇಳಿಸಿ ಹೋಗುತ್ತದೆ.