ಹತ್ತು ಸಸಿಗಳಿಂದ ತೀರದ ಸಾಲ

ನಮ್ಮ ಮಸೀದಿಯ ಅಂಗಳದಲ್ಲಿ ಒಂದು ಕಾಟುಮಾವಿನ ಮರವಿತ್ತು. ಅದನ್ನು ನೆಟ್ಟವರು ಯಾರೆಂದು ಜಮಾಅತ್‌ನ ಹಿರಿಯರಿಗೂ ಗೊತ್ತಿರಲಿಲ್ಲ. ಶುಕ್ರವಾರ ಒಳಗೆ ಜಾಗ ಸಾಲದಾದಾಗ ಜನರು ಅದರ ನೆರಳಿನಲ್ಲಿ ಚಾಪೆ ಹಾಸಿ ನಮಾಝ್ ಮಾಡುತ್ತಿದ್ದರು. ಮದ್ರಸದ ಮಕ್ಕಳು ಬೇಸಿಗೆಯಲ್ಲಿ ಅದರ ಹಣ್ಣು ಹೆಕ್ಕುತ್ತಿದ್ದರು. ಮಯ್ಯಿತ್ ಬರುವುದನ್ನು ಕಾಯುವವರು ನಿಲ್ಲುತ್ತಿದ್ದುದೂ ಅದರ ಕೆಳಗೆಯೇ.

ಕೆಲವು ವರ್ಷಗಳ ಹಿಂದೆ ವಾಹನ ನಿಲ್ಲಿಸಲು ಜಾಗ ಬೇಕೆಂಬ ವಿಷಯ ಜಮಾಅತ್ ಸಭೆಗೆ ಬಂತು. ಮರ ಕಡಿಯುವುದೆಂದಾಯಿತು. ಒಬ್ಬರು ಸಂಕೋಚಪಟ್ಟಾಗ ಇನ್ನೊಬ್ಬರು, "ಒಂದರ ಬದಲು ಹತ್ತು ಸಸಿ ನೆಡೋಣ, ಪುಣ್ಯವೇ ಹೆಚ್ಚಾಯಿತಲ್ಲ" ಎಂದರು. ರಜೆಯಲ್ಲಿ ಬಂದಿದ್ದ ಯುವಕನೊಬ್ಬ, "ದುಬೈಯಲ್ಲಿ ಬೆಳೆದ ಮರಗಳನ್ನೇ ಲಾರಿಯಲ್ಲಿ ತಂದು ನೆಡುತ್ತಾರೆ, ಇದನ್ನೂ ಹಾಗೆ ಆಚೆ ಸಾಗಿಸಬಾರದೇಕೆ?" ಎಂದ. ಬಾಗಿಲ ಬಳಿ ನಿಂತಿದ್ದ, ಜೀವನವಿಡೀ ಮರ ಕಡಿಯುವ ಕೆಲಸ ಮಾಡಿದ ವೃದ್ಧರೊಬ್ಬರು ಅಧ್ಯಕ್ಷರಿಗೆ ಹೇಳಿದರು: "ಹಾಜಿಯವರೇ, ಕಡಿಯಲು ನನಗೆ ಅರ್ಧ ದಿನ ಸಾಕು. ಸಸಿ ನೆಡಲು ಒಂದು ಗಂಟೆ ಸಾಕು. ಆದರೆ ಆ ಹತ್ತು ಗಿಡಗಳಿಗೆ ಬೇಸಿಗೆಯಲ್ಲಿ ನೀರು ಹಾಕುವವರ ಹೆಸರನ್ನೂ ಆ ಪುಸ್ತಕದಲ್ಲಿ ಬರೆದುಕೊಳ್ಳಿ."

ಎಲ್ಲರೂ ನಕ್ಕರು. ಹೆಸರು ಬರೆಯಲಿಲ್ಲ. ನಿರ್ಣಯ ಪಾಸಾಯಿತು. ಕೈ ಎತ್ತಿದವರಲ್ಲಿ ನಾವೂ ಇದ್ದೆವು. ಮರ ಉರುಳಿತು, ಹತ್ತು ಸಸಿಗಳನ್ನು ನೆಟ್ಟು ಫೋಟೋ ತೆಗೆಸಿಕೊಂಡೆವು. ಎರಡು ಬೇಸಿಗೆ ಕಳೆದಾಗ ಉಳಿದದ್ದು ಮೂರು.

ಆ ವೃದ್ಧರ ಮಾತು ಅಂದಿನಿಂದ ನಮ್ಮನ್ನು ಬಿಟ್ಟಿಲ್ಲ. ಒಂದು ದೊಡ್ಡ ಮರವನ್ನು ತೆಗೆದು ಹತ್ತು ಸಸಿ ನೆಟ್ಟರೆ ತೆಗೆದುಕೊಂಡದ್ದನ್ನು ಹಿಂದಿರುಗಿಸಿದಂತಾಗುತ್ತದೆಯೇ? ಇದು ಪರಿಸರದ ಪ್ರಶ್ನೆ ಮಾತ್ರವಲ್ಲ. ಸಾಲ, ಅಮಾನತ್ತು ಮತ್ತು ನ್ಯಾಯದ ಪ್ರಶ್ನೆಯೂ ಹೌದು.

ಇಸ್ಲಾಮೀ ಕರ್ಮಶಾಸ್ತ್ರದಲ್ಲಿ ಒಂದು ಸರಳ ವಿವೇಚನೆಯಿದೆ. ಇನ್ನೊಬ್ಬರ ವಸ್ತುವನ್ನು ಹಾಳು ಮಾಡಿದವನು ಅದಕ್ಕೆ ಹೊಣೆಗಾರ. ಅದು ಅಳೆದು ತೂಗಿ ಕೊಡುವಂಥದ್ದಾದರೆ ಅದರಂಥದ್ದನ್ನೇ ಕೊಡಬೇಕು. ಒಂದು ಸೇರು ಗೋಧಿಗೆ ಒಂದು ಸೇರು ಗೋಧಿ. ಅದರಂಥದ್ದು ಇನ್ನೊಂದಿಲ್ಲವಾದರೆ ಅದರ ಬೆಲೆ ಕೊಡಬೇಕು. ಈಗ ಹೇಳಿ, ಎಂಬತ್ತು ವರ್ಷದ ಮಾವಿನ ಮರ ಇವೆರಡರಲ್ಲಿ ಯಾವುದಕ್ಕೆ ಸೇರುತ್ತದೆ? ಸಸಿ ಅದರಂಥದ್ದಲ್ಲ. ಹತ್ತು ಸಸಿಗಳನ್ನು ಒಟ್ಟು ಸೇರಿಸಿದರೂ ಒಬ್ಬ ಮನುಷ್ಯನಿಗೆ ನೆರಳಾಗದು, ಒಂದು ಹಕ್ಕಿಗೂಡಿಗೆ ಕೊಂಬೆಯಾಗದು. ಹಾಗಾದರೆ ಉಳಿದದ್ದು ಬೆಲೆ. ಆ ಬೆಲೆ ಎಷ್ಟು?

ಈ ಪ್ರಶ್ನೆ ನಮ್ಮ ದೇಶದ ಅತ್ಯುನ್ನತ ನ್ಯಾಯಾಲಯದ ಮುಂದೆಯೂ ಬಂದಿದೆ. ಪಶ್ಚಿಮ ಬಂಗಾಳದಲ್ಲಿ ರೈಲ್ವೆ ಮೇಲ್ಸೇತುವೆಗಳಿಗಾಗಿ 356 ಮರಗಳನ್ನು ಕಡಿಯಬೇಕಾಗಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ತಜ್ಞರ ಸಮಿತಿಯೊಂದನ್ನು ನೇಮಿಸಿತು. 2021ರಲ್ಲಿ ಹೊರಬಂದ ಆ ಸಮಿತಿಯ ಲೆಕ್ಕ ಹೀಗಿತ್ತು: ಮರದ ಬೆಲೆಯೆಂದರೆ 74,500 ರೂಪಾಯಿಯನ್ನು ಅದರ ವಯಸ್ಸಿನಿಂದ ಗುಣಿಸಿದಷ್ಟು. ನೂರು ವರ್ಷ ದಾಟಿದ ಪಾರಂಪರಿಕ ಮರದ ಮೌಲ್ಯ ಒಂದು ಕೋಟಿ ರೂಪಾಯಿಯನ್ನೂ ಮೀರಬಹುದು. ರೂಪಾಯಿಯ ಅಂಕಿಯ ಬಗ್ಗೆ ವಾದ ಮಾಡಬಹುದು. ಆದರೆ ಆ ಸಮಿತಿ ಮರವನ್ನು ಮರದ ದಿಮ್ಮಿಯ ಅಳತೆಯಲ್ಲಿ ನೋಡಲಿಲ್ಲ, ವರ್ಷಗಳಲ್ಲಿ ನೋಡಿತು ಎಂಬುದು ಮುಖ್ಯ. ಮರವೆಂದರೆ ಕೂಡಿಟ್ಟ ಕಾಲ. ನಾವು ಕಡಿಯುವುದು ಆ ಕಾಲವನ್ನು.

2025ರ ಮಾರ್ಚ್‌ನಲ್ಲಿ ತಾಜ್‌ಮಹಲ್ ಸುತ್ತಲಿನ ಸಂರಕ್ಷಿತ ವಲಯದಲ್ಲಿ ಅನುಮತಿಯಿಲ್ಲದೆ 454 ಮರಗಳನ್ನು ಕಡಿದ ಪ್ರಕರಣದಲ್ಲಿ ಅದೇ ನ್ಯಾಯಾಲಯ ಮರವೊಂದಕ್ಕೆ ಒಂದು ಲಕ್ಷ ರೂಪಾಯಿಯಂತೆ ದಂಡ ವಿಧಿಸಿತು. ಆ ಹಸಿರು ಮರಳಿ ಬರಲು ಕನಿಷ್ಠ ನೂರು ವರ್ಷ ಬೇಕೆಂದೂ ಹೇಳಿತು. ದಂಡದ ಹಣವನ್ನು ಒಂದು ದಿನದಲ್ಲಿ ಕಟ್ಟಬಹುದು. ನೂರು ವರ್ಷವನ್ನು ಕಟ್ಟುವವರು ಯಾರು?

ನಮ್ಮ ರಾಜ್ಯದಲ್ಲಿ 1976ರಿಂದಲೂ ವೃಕ್ಷ ಸಂರಕ್ಷಣೆಯ ಕಾನೂನಿದೆ. ಮರ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕು, ಕಡಿದವನು ಬದಲಿ ಗಿಡ ನೆಡಬೇಕು ಎನ್ನುವುದು ಅದರ ಆಶಯ. ಆಶಯ ಒಳ್ಳೆಯದೇ. ಆದರೆ ಬದಲಿ ಗಿಡ ಎಂಬ ಮಾತನ್ನು ನಾವು ಮನಸ್ಸಾಕ್ಷಿಗೆ ಕೊಡುವ ರಶೀದಿ ಮಾಡಿಕೊಂಡಿದ್ದೇವೆ. ನೆಟ್ಟ ದಿನವೇ ಲೆಕ್ಕ ಚುಕ್ತಾ ಆಯಿತೆಂದುಕೊಳ್ಳುತ್ತೇವೆ. ನಿಜವಾಗಿ ಲೆಕ್ಕ ಶುರುವಾಗುವುದೇ ಅಂದು.

ಹಾಗಾದರೆ ಆ ಯುವಕ ಹೇಳಿದಂತೆ ಬೆಳೆದ ಮರವನ್ನೇ ಸಾಗಿಸಬಹುದಲ್ಲ? ಆ ಕೆಲಸ ಬಲ್ಲವರಿದ್ದಾರೆ, ಅದು ಗೌರವದ ಕಸುಬು. ಆದರೆ ಅದು ಕ್ರೇನ್ ತಂದು ಎತ್ತುವಷ್ಟು ಸುಲಭವಲ್ಲ. ಕಾಂಡದ ಅಡ್ಡಳತೆಯ ಸುಮಾರು ಹತ್ತು ಪಟ್ಟು ಅಗಲದ ಮಣ್ಣಿನ ಉಂಡೆಯನ್ನು ಬೇರಿನೊಂದಿಗೆ ಕಾಪಾಡಬೇಕು. ಒಂದಡಿ ದಪ್ಪದ ಮರಕ್ಕೆ ಹತ್ತಡಿ ಅಗಲದ ಉಂಡೆ, ಮಣ್ಣಿನ ತೂಕವೇ ಹತ್ತು ಟನ್ ದಾಟುತ್ತದೆ. ತಿಂಗಳುಗಳ ಮೊದಲೇ ಸುತ್ತ ಸ್ವಲ್ಪ ಸ್ವಲ್ಪವಾಗಿ ಅಗೆದು ದೊಡ್ಡ ಬೇರುಗಳನ್ನು ಕತ್ತರಿಸಿ, ಹೊಸ ಎಳೆ ಬೇರು ಒಡೆಯುವವರೆಗೆ ಕಾಯಬೇಕು. ಗೋಣಿ ಸುತ್ತಬೇಕು, ಕೊಂಬೆ ಸವರಬೇಕು. ನೆಟ್ಟ ಮೇಲೆ ಊರೆ ಕೊಟ್ಟು ಎರಡು ಮೂರು ವರ್ಷ ಬಿಡದೆ ನೀರುಣಿಸಬೇಕು. ಇಷ್ಟಾದರೂ ಬೇರುಗಳ ಬಹುಪಾಲು ಹಳೆಯ ಜಾಗದಲ್ಲೇ ಉಳಿದುಬಿಡುತ್ತದೆ.

ಎಲ್ಲ ಮರಗಳೂ ಇದನ್ನು ತಾಳಲಾರವು. ಆಲ, ಅರಳಿ, ಅತ್ತಿಯಂಥವು ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತವೆ. ಗಲ್ಫ್‌ನ ರಸ್ತೆಬದಿಯ ಖರ್ಜೂರ ತಾಳೆಯ ಬಳಗದ್ದು. ಅದರ ನಾರುಬೇರುಗಳು ಬುಡದಿಂದಲೇ ಹೊಸದಾಗಿ ಹೊರಡುವುದರಿಂದ ಚಿಕ್ಕ ಉಂಡೆಯಲ್ಲೂ ಬದುಕುತ್ತದೆ. ಆಳಕ್ಕೆ ತಾಯಿಬೇರು ಇಳಿಸಿದ ಹಳೆಯ ಮಾವಿಗೆ ಆ ಲೆಕ್ಕ ಸಲ್ಲದು. ಮರವನ್ನು ಸ್ಥಳಾಂತರಿಸಿದೆವು ಎಂದು ಹೇಳಿ ನೀರು ಕೊಡದೆ ಬಿಟ್ಟರೆ ಅದು ನಿಂತೇ ಸಾಯುತ್ತದೆ. ಕಡಿದ ಮರ ಒಂದು ದಿನ ಸತ್ತರೆ ಇದು ಒಂದು ವರ್ಷ ಸಾಯುತ್ತದೆ ಅಷ್ಟೇ.

ಬೆಳೆದ ಮರಗಳ ವ್ಯಾಪಾರವೂ ಈಗ ಇದೆ. ಬಂಗಲೆ, ರೆಸಾರ್ಟು, ಕಚೇರಿಗಳ ಮುಂದೆ ಒಂದೇ ದಿನದಲ್ಲಿ ನೆರಳು ಬೇಕು. ಇದರಲ್ಲಿ ತಪ್ಪಿದೆಯೇ? ನಮಗೆ ತೋರುವಂತೆ ಇದರಲ್ಲಿ ಎರಡು ಬಗೆಗಳಿವೆ. ನರ್ಸರಿಯವನು ಬೀಜದಿಂದ ಗಿಡ ಎಬ್ಬಿಸಿ, ಚೀಲದಿಂದ ಚೀಲಕ್ಕೆ ಬದಲಿಸಿ, ಏಳೆಂಟು ವರ್ಷ ಸಾಕಿ ಮಾರಿದರೆ ಅವನು ಮಾರುವುದು ತನ್ನ ದುಡಿಮೆಯ ವರ್ಷಗಳನ್ನು. ಅದು ಹಲಾಲಾದ ಸಂಪಾದನೆ, ಊರಿಗೂ ಉಪಕಾರ. ಆದರೆ ಯಾವುದೋ ಹಳ್ಳಿಯ ಕೆರೆ ಏರಿಯಿಂದ, ಬಡವನ ಹಿತ್ತಿಲಿನಿಂದ ಹಳೆಯ ಮರವನ್ನು ಕಿತ್ತು ಪಟ್ಟಣದ ಅಂಗಳಕ್ಕೆ ತಂದರೆ ಮರ ಹೆಚ್ಚಾಗಲಿಲ್ಲ, ನೆರಳು ಬಡವನಿಂದ ಶ್ರೀಮಂತನ ಕಡೆಗೆ ಸರಿಯಿತು ಅಷ್ಟೇ. ಕೊಂಡವನ ಬಳಿ ರಶೀದಿ ಇರಬಹುದು. ಆದರೆ ಆ ನೆರಳಿನಲ್ಲಿ ದಣಿವಾರಿಸಿಕೊಳ್ಳುತ್ತಿದ್ದ ದಾರಿಹೋಕರು, ಕುರಿ ಕಾಯುವವರು, ಹಕ್ಕಿಗಳು ಆ ರಶೀದಿಗೆ ಸಹಿ ಹಾಕಿಲ್ಲ.

ಇಲ್ಲಿ ಇಮಾಮ್ ಅಬೂದಾವೂದರ ವಿವರಣೆಯೊಂದು ನೆನಪಾಗುತ್ತದೆ. ಬೋರೆ ಜಾತಿಯ ಮರವನ್ನು ಕಡಿಯುವವನಿಗೆ ನರಕದ ಎಚ್ಚರಿಕೆ ನೀಡುವ ಹದೀಸ್ ಅವರ ಸಂಗ್ರಹದಲ್ಲಿದೆ. ಯಾವ ಹಕ್ಕೂ ಇಲ್ಲದೆ, ಅನ್ಯಾಯವಾಗಿ, ಬಯಲಿನಲ್ಲಿ ದಾರಿಹೋಕರಿಗೂ ಪ್ರಾಣಿಗಳಿಗೂ ನೆರಳಾಗಿರುವ ಮರವನ್ನು ಕಡಿಯುವವನ ಕುರಿತು ಅದು ಎಂದು ಅವರು ಬಿಡಿಸಿ ಹೇಳಿದ್ದಾರೆ. ಅಂದರೆ ಕಡಿಯುವುದೆಲ್ಲವೂ ಪಾಪವಲ್ಲ. ಆದರೆ ಮರದ ಮೇಲೆ ಜಾಗದ ಒಡೆಯನಿಗೆ ಮಾತ್ರ ಹಕ್ಕಿರುವುದಲ್ಲ, ಅದರ ನೆರಳನ್ನು ಆಶ್ರಯಿಸಿದವರಿಗೂ ಇದೆ.

ಈ ಪ್ರಶ್ನೆಗೆ ನಮಗೆ ಅತ್ಯಂತ ಸ್ಪಷ್ಟ ಉತ್ತರ ಸಿಗುವುದು ಹಝ್ರತ್ ಸಲ್ಮಾನ್ ಫಾರಿಸೀ(ರ)ಯವರ ಬದುಕಿನಲ್ಲಿ. ಸತ್ಯವನ್ನು ಹುಡುಕುತ್ತಾ ಪರ್ಷಿಯಾದಿಂದ ಹೊರಟು, ಮೋಸದಿಂದ ಗುಲಾಮರಾಗಿ ಮಾರಲ್ಪಟ್ಟು ಅವರು ಮದೀನಾ ತಲುಪಿದ್ದರು. ಬಿಡುಗಡೆಗೆ ಒಡೆಯ ಹಾಕಿದ ಷರತ್ತು 300 ಖರ್ಜೂರದ ಸಸಿಗಳು ಮತ್ತು 40 ಊಕಿಯ ಚಿನ್ನ. ಸಸಿಗಳನ್ನು ನೆಟ್ಟರೆ ಸಾಲದು, ಜೀವ ಹಿಡಿಸಿ ಕೊಡಬೇಕು. ನಿಮ್ಮ ಸಹೋದರನಿಗೆ ನೆರವಾಗಿ ಎಂದು ಪ್ರವಾದಿ(ಸ) ಸಂಗಾತಿಗಳಿಗೆ ಹೇಳಿದರು. ಒಬ್ಬರು ಮೂವತ್ತು, ಒಬ್ಬರು ಇಪ್ಪತ್ತು, ಮತ್ತೊಬ್ಬರು ಹದಿನೈದು, ಹತ್ತು, ಹೀಗೆ ತಮ್ಮಲ್ಲಿದ್ದಷ್ಟು ಸಸಿ ತಂದರು. ಸಲ್ಮಾನರು ಗುಂಡಿ ತೋಡಿದರು. ಪ್ರವಾದಿವರ್ಯರು(ಸ) ತಾವೇ ಬಂದು ತಮ್ಮ ಕೈಯಿಂದ ಸಸಿಗಳನ್ನು ನೆಟ್ಟರು. ಒಂದೂ ಸಾಯಲಿಲ್ಲ ಎನ್ನುತ್ತಾರೆ ಸಲ್ಮಾನರು.

ಈ ಘಟನೆಯಲ್ಲಿ ನಾವು ಸಾಮಾನ್ಯವಾಗಿ ಪವಾಡವನ್ನು ನೋಡುತ್ತೇವೆ. ಷರತ್ತನ್ನೂ ನೋಡಬೇಕು. ಒಬ್ಬ ಗುಲಾಮನ ಒಡೆಯನೂ ನೆಟ್ಟ ಸಸಿಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ, ಬದುಕಿದ ಸಸಿಯನ್ನೇ ಹಿಡಿದ. ಸಸಿ ಜೀವ ಹಿಡಿಯದೆ ಮನುಷ್ಯನ ಬಿಡುಗಡೆಯಿಲ್ಲ. ನಮ್ಮ ಬದಲಿ ಗಿಡಗಳ ಲೆಕ್ಕಕ್ಕೆ ಇಷ್ಟು ಕಟ್ಟುನಿಟ್ಟು ಇದ್ದಿದ್ದರೆ ನಮ್ಮಲ್ಲಿ ಎಷ್ಟು ಮಂದಿ ಬಿಡುಗಡೆ ಹೊಂದುತ್ತಿದ್ದೆವು?

ಪ್ರಳಯ ಎದುರಾದರೂ ಕೈಯಲ್ಲಿರುವ ಸಸಿಯನ್ನು ನೆಡಬೇಕೆಂಬ ಪ್ರವಾದಿ(ಸ)ರ ಉಪದೇಶವನ್ನು ನಾವು ಪರಿಸರ ದಿನದಂದು ತಪ್ಪದೆ ಸ್ಮರಿಸುತ್ತೇವೆ. ಅದರ ಜೊತೆಗಿರುವ ಇನ್ನೊಂದು ಬೋಧನೆಯ ಕಡೆಗೆ ಅಷ್ಟು ಗಮನ ಕೊಡುವುದಿಲ್ಲ. ನೆಟ್ಟ ಗಿಡದಿಂದ ಮನುಷ್ಯ, ಪ್ರಾಣಿ, ಪಕ್ಷಿ ತಿಂದರೆ ಅದು ನೆಟ್ಟವನ ಪಾಲಿಗೆ ದಾನ ಎಂಬುದು ಅದರ ಸಾರ. ತಿನ್ನುವಷ್ಟಾಗಲು ಗಿಡ ಮರವಾಗಬೇಕು. ಮರವಾಗಲು ಯಾರಾದರೂ ಅದರ ಜೊತೆ ವರ್ಷಗಳ ಕಾಲ ಇರಬೇಕು.

ಹಾಗೆ ಇದ್ದವರನ್ನು ಕನ್ನಡ ನಾಡು ಕಂಡಿದೆ. ಸಾಲುಮರದ ತಿಮ್ಮಕ್ಕ ಮತ್ತು ಅವರ ಪತಿ ಚಿಕ್ಕಯ್ಯ ಹುಲಿಕಲ್‌ನಿಂದ ಕುದೂರಿನವರೆಗೆ ಸುಮಾರು ನಾಲ್ಕು ಕಿಲೋಮೀಟರ್ ದಾರಿಯಲ್ಲಿ ಬೆಳೆಸಿದ್ದು 385 ಆಲದ ಮರಗಳು. ಮೊದಲ ವರ್ಷ ನೆಟ್ಟದ್ದು ಹತ್ತೇ ಹತ್ತು ಸಸಿ. ನಮ್ಮ ಜಮಾಅತ್ ನೆಟ್ಟದ್ದೂ ಹತ್ತೇ. ವ್ಯತ್ಯಾಸವಿದ್ದದ್ದು ಕೊಡದಲ್ಲಿ. ಅವರು ನೀರು ಹೊತ್ತರು, ದನಕರು ಮೇಯದಂತೆ ಮುಳ್ಳಿನ ಬೇಲಿ ಕಟ್ಟಿದರು. 2019ರಲ್ಲಿ ರಸ್ತೆ ಅಗಲೀಕರಣದಿಂದ ಆ ಮರಗಳಿಗೆ ಕುತ್ತು ಬಂದಾಗ ನೂರು ದಾಟಿದ ಆ ತಾಯಿಯೇ ಮುಖ್ಯಮಂತ್ರಿಯ ಮುಂದೆ ಹೋಗಿ ನಿಂತರು. 2025ರ ನವೆಂಬರ್‌ನಲ್ಲಿ ಅವರು ತೀರಿಕೊಂಡರು. ಅಂಕೋಲಾದ ಹೊನ್ನಳ್ಳಿಯ ತುಳಸಿ ಗೌಡ ಶಾಲೆಗೆ ಹೋದವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಗೆ ದುಡಿಯುತ್ತಾ, ಯಾವ ತಾಯಿಮರದಿಂದ ಯಾವಾಗ ಬೀಜ ತರಬೇಕೆಂಬ ಅರಿವನ್ನು ಅವರು ಗಳಿಸಿದ್ದರು. ಬರಿಗಾಲಲ್ಲೇ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ಪಡೆದ ಅವರು 2024ರ ಡಿಸೆಂಬರ್‌ನಲ್ಲಿ ಅಗಲಿದರು. ಈ ಇಬ್ಬರೂ ಕೊಟ್ಟದ್ದು ಹಣವನ್ನಲ್ಲ, ಆಯುಷ್ಯವನ್ನು.

ಒಂದು ಆಕ್ಷೇಪವನ್ನು ಇಲ್ಲಿ ಪ್ರಾಮಾಣಿಕವಾಗಿ ಎದುರಿಸಬೇಕು. ಕರಾವಳಿ ಮತ್ತು ಮಲೆನಾಡಿನ ನಮ್ಮ ಸಮುದಾಯದ ಎಷ್ಟೋ ಮನೆಗಳ ಅನ್ನ ಮರದ ವ್ಯಾಪಾರದಿಂದ, ಸಾಮಿಲ್ಲಿನಿಂದ, ಲೋಡಿಂಗ್ ಕೆಲಸದಿಂದ ಬಂದಿದೆ. ಅವರೆಲ್ಲ ತಪ್ಪಿತಸ್ಥರೇ? ಖಂಡಿತ ಅಲ್ಲ. ಮನೆಗೆ ಬಾಗಿಲು ಬೇಕು, ಮಯ್ಯಿತ್ ಹೊರುವ ಮಂಚಕ್ಕೂ ಮರ ಬೇಕು. ಕಡಿಯಲೆಂದೇ ನೆಟ್ಟು ಬೆಳೆಸಿದ ನೆಡುತೋಪು ಒಂದು ಬೆಳೆ, ಅದನ್ನು ಕೊಯ್ದು ಮತ್ತೆ ನೆಡುವುದು ಬೇಸಾಯ. ರಸ್ತೆ, ಆಸ್ಪತ್ರೆಗಳಿಗಾಗಿ ಕೆಲವೊಮ್ಮೆ ದೊಡ್ಡ ಮರವನ್ನೂ ತೆಗೆಯಬೇಕಾಗಬಹುದು. ನಾವು ಕೇಳುವುದು ಇಷ್ಟೇ: ಅಗತ್ಯ ಯಾವುದು, ಅನುಕೂಲ ಯಾವುದು ಎಂದು ಕಡಿಯುವ ಮೊದಲು ಬೇರೆ ಮಾಡಿ ನೋಡಿದ್ದೇವೆಯೇ? ಅಪಾಯದ ಕೊಂಬೆಯನ್ನಷ್ಟೇ ಸವರಿದರೆ ಸಾಕಾಗುತ್ತಿತ್ತೇ? ಗೋಡೆಯನ್ನು ನಾಲ್ಕಡಿ ಸರಿಸಬಹುದಿತ್ತೇ? ನಮ್ಮ ಅಂಗಳದಲ್ಲಿ ಈಗ ಆರು ಕಾರುಗಳು ನಿಲ್ಲುತ್ತವೆ. ಅದೂ ಶುಕ್ರವಾರ, ಒಂದು ಗಂಟೆಯ ಹೊತ್ತು. ಅವುಗಳನ್ನು ರಸ್ತೆಯಂಚಿನಲ್ಲಿ ನಿಲ್ಲಿಸಿ ಐದು ನಿಮಿಷ ನಡೆದು ಬರಬಹುದಿತ್ತು ಎಂದು ಅಂದು ಯಾರೂ ಹೇಳಲಿಲ್ಲ. ನಾವೂ ಹೇಳಲಿಲ್ಲ.

ಆದ್ದರಿಂದ ಕಡಿದ ಮರದ ಸಾಲವನ್ನು ಸಸಿಗಳ ಸಂಖ್ಯೆಯಿಂದ ತೀರಿಸಲಾಗದು ಎಂಬುದು ನಮ್ಮ ನಿಲುವು. ತೆಗೆದುಕೊಂಡದ್ದು ವರ್ಷಗಳನ್ನಾದರೆ ಕೊಡಬೇಕಾದದ್ದೂ ವರ್ಷಗಳನ್ನೇ. ಹತ್ತು ನೆಟ್ಟು ಮರೆಯುವುದಕ್ಕಿಂತ ಎರಡನ್ನು ನೆಟ್ಟು ಹತ್ತು ವರ್ಷ ಸಾಕುವುದು ನ್ಯಾಯಕ್ಕೆ ಹತ್ತಿರ. ನೆಡುವ ದಿನವೇ ನೀರು ಹಾಕುವವರ ಹೆಸರನ್ನು ಬರೆಯಬೇಕು. ಜಮಾಅತ್‌ನ ವಾರ್ಷಿಕ ಲೆಕ್ಕಪತ್ರದಲ್ಲಿ ಬದುಕಿರುವ ಗಿಡಗಳ ಸಂಖ್ಯೆಗೂ ಒಂದು ಸಾಲು ಇರಬೇಕು. ಇಷ್ಟಾದರೂ ಸಾಲ ಪೂರ್ತಿ ತೀರಲಿಕ್ಕಿಲ್ಲ. ತೀರದ ಸಾಲವೆಂದು ತಿಳಿದವನು ಮುಂದಿನ ಸಲ ಕೈ ಎತ್ತುವ ಮೊದಲು ಯೋಚಿಸುತ್ತಾನೆ.

ಉಳಿದ ಆ ಮೂರು ಗಿಡಗಳ ಕಡೆಗೆ ಕಳೆದ ವರ್ಷ ಮಸೀದಿಯ ಹೌಳಿನಿಂದ ಒಂದು ಪೈಪು ಎಳೆದಿದ್ದೇವೆ. ದಿನಕ್ಕೆ ಐದು ಹೊತ್ತು ಜನರು ವುಝೂ ಮಾಡಿದ ನೀರು ಚರಂಡಿ ಸೇರದೆ ಅವುಗಳ ಬುಡ ಸೇರುತ್ತದೆ. ಮರ ಕಡಿಯುತ್ತಿದ್ದ ಆ ವೃದ್ಧರು ಅಸರ್ ನಮಾಝಿಗೆ ಬಂದಾಗ ಪೈಪಿನ ಬಾಯಿಯನ್ನು ಒಂದು ಗಿಡದಿಂದ ಇನ್ನೊಂದಕ್ಕೆ ಸರಿಸಿ ಹೋಗುತ್ತಾರೆ. ಒಂದು ಮಾವಿನ ಗಿಡ ಈಗ ಅವರ ಹೆಗಲೆತ್ತರಕ್ಕೆ ಬಂದಿದೆ. ಅದರ ಕೆಳಗೆ ಚಾಪೆ ಹಾಸುವವರಲ್ಲಿ ನಾವ್ಯಾರೂ ಇರುವುದಿಲ್ಲ.