ಸೋರಲೆಂದೇ ಬಿಟ್ಟ ತೂತು

ಕಾರಿನ ವಾಟರ್ ಪಂಪಿನ ಮೈಯಲ್ಲಿ, ಸೀಲಿಗೂ ಬೇರಿಂಗಿಗೂ ನಡುವೆ, ಸಾಮಾನ್ಯವಾಗಿ ಒಂದು ಸಣ್ಣ ತೂತು ಇರುತ್ತದೆ. ಅದು ಎರಕದ ದೋಷವಲ್ಲ; ಮಾಡಿದವನು ತಿಳಿದೇ ಬಿಟ್ಟದ್ದು. ಸೀಲ್ ಸವೆದ ದಿನ ಒಳಗಿನ ಕೂಲಂಟ್ ಬೇರಿಂಗಿಗೆ ನುಗ್ಗದೆ ಅಲ್ಲಿಂದ ಹನಿಹನಿಯಾಗಿ ನೆಲಕ್ಕೆ ಬೀಳಲಿ, ಯಾರ ಕಣ್ಣಿಗಾದರೂ ಬೀಳಲಿ ಎಂದು. ಎಂದಾದರೊಂದು ದಿನ ಇದು ಕೆಟ್ಟೇ ಕೆಡುತ್ತದೆ ಎಂದು ಮೊದಲೇ ಒಪ್ಪಿಕೊಂಡು ಕೆಲಸಕ್ಕೆ ಕೂತ ಆ ವಿವೇಕವನ್ನು ನಮ್ಮಲ್ಲಿ ಎಷ್ಟು ಮಂದಿ ಗಮನಿಸಿದ್ದೇವೆ? ಗಮನಿಸುವ ಮಾತು ಹಾಗಿರಲಿ, ಹನಿ ಕಂಡೊಡನೆ ಎಂ-ಸೀಲ್ ಮೆತ್ತಿ ತೂತನ್ನೇ ಮುಚ್ಚಿಬಿಡುವವರೂ ಇದ್ದಾರೆ.

ಬೆಂಗಳೂರಿನ ಸ್ಯಾನ್ ಮೋಟಾರ್ಸ್ 1998ರಲ್ಲಿ ಹೊರತಂದ ಸ್ಯಾನ್ ಸ್ಟಾರ್ಮ್ ಕೆಲವರಿಗಾದರೂ ನೆನಪಿರಬೇಕು. ಎರಡೇ ಸೀಟು, ಫೈಬರ್ ಗ್ಲಾಸಿನ ಮೈ, ರೆನೋ ಕಂಪನಿಯ 1,149 ಸಿ.ಸಿ. ಇಂಜಿನ್. ತಯಾರಾದದ್ದು ಗೋವಾದಲ್ಲಾದರೂ ನಮ್ಮೂರಿನ ಸ್ಪೋರ್ಟ್ಸ್ ಕಾರು ಎಂದು ಹೆಮ್ಮೆಪಡಲು ಅದೇನೂ ಅಡ್ಡಿಯಾಗಲಿಲ್ಲ. ಅಂಥದೊಂದು ಕಾರು ಇಂದು ಹೈದರಾಬಾದಿನ ನಾರಾಯಣಗೂಡದ ಒಬ್ಬ ಕನ್ನಡಿಗರ ಮನೆಯಲ್ಲಿದೆ ಎಂದುಕೊಳ್ಳೋಣ. ಮೇ ತಿಂಗಳ ಸಂಜೆ, ಹಿಮಾಯತ್‌ನಗರದ ಕಡೆಗೆ ತೆವಳುವ ವಾಹನಗಳ ಸಾಲು. ಓಡಲೆಂದು ಹುಟ್ಟಿದ್ದಕ್ಕೆ ನಿಲ್ಲುವುದೇ ಕಷ್ಟ: ಎದುರುಗಾಳಿ ಇಲ್ಲ, ಫ್ಯಾನು ಮತ್ತು ಪಂಪು ಎರಡೇ ಆಸರೆ. ಅದರಲ್ಲಿ ಪಂಪು ಕೈಕೊಟ್ಟರೆ ತಾಪ ತೋರುವ ಮುಳ್ಳು ಮೇಲೇರುತ್ತದೆ, ತಡಮಾಡಿದರೆ ಇಂಜಿನ್ನಿನ ಹೆಡ್ ಬಾಗುತ್ತದೆ.

ಹಾಗೆಂದು ಬಿಸಿ ಇಂಜಿನ್ನಿನ ಶತ್ರುವೇ? ತಣ್ಣಗಿರುವ ಇಂಜಿನ್ ಚೆನ್ನಾಗಿ ಓಡುವುದಿಲ್ಲ. ಅದಕ್ಕೇ ಥರ್ಮೋಸ್ಟಾಟ್ ಸುಮಾರು 80-90 ಡಿಗ್ರಿಯವರೆಗೆ ರೇಡಿಯೇಟರಿನ ದಾರಿಯನ್ನು ಮುಚ್ಚಿಯೇ ಇರುತ್ತದೆ. ಪಂಪು ಬೆಂಕಿಯನ್ನು ಆರಿಸುವುದಿಲ್ಲ, ಒಂದೆಡೆ ಮಡುಗಟ್ಟದಂತೆ ಅದರ ತಾಪವನ್ನು ಹೊತ್ತೊಯ್ಯುತ್ತದೆ. ದುಡಿಯುವ ಜೀವಕ್ಕೆ ಬೇಕಾದದ್ದೂ ಇದೇ ಅಲ್ಲವೇ, ಶೈತ್ಯಕ್ಕಿಂತ ಹರಿವು?

ಹೈದರಾಬಾದಿಗೆ ಹರಿವಿನ ಆ ಪಾಠ ಬಹಳ ದುಬಾರಿಯಾಗಿ ಸಿಕ್ಕಿತ್ತು. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಸಾವಿರಾರು ಜನರನ್ನು ಕೊಂಡೊಯ್ದ ಮೇಲೆ ನಿಜಾಮ ಸರ್ಕಾರ ಕರೆಸಿಕೊಂಡದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಆ ಚಿಂತನೆಯ ಫಲ. ನೀರನ್ನು ತಡೆಯಹೊರಟವನು ಬಿಡುವ ದಾರಿಯನ್ನು ಮೊದಲೇ ಯೋಚಿಸಿರಬೇಕು. ತೂಬಿಲ್ಲದ, ಕೋಡಿಯಿಲ್ಲದ ಕೆರೆಯನ್ನು ನಮ್ಮ ಹಿರಿಯರು ಯಾರೂ ಕಟ್ಟಲಿಲ್ಲ. ಅಣೆಕಟ್ಟೆಯನ್ನು ಕಾಯುವ ಇಂಜಿನಿಯರು ತಿಳಿಯಾದ ಒಸರನ್ನು ಕಂಡು ಗಾಬರಿಯಾಗುವುದಿಲ್ಲ, ಅಳೆದು ಬರೆದಿಡುತ್ತಾನೆ. ಒಸರು ದಿಢೀರನೆ ಹೆಚ್ಚಿದರೆ, ನೀರು ಕದಡಿ ಬಂದರೆ, ಅಂದು ಅವನಿಗೆ ನಿದ್ದೆಯಿಲ್ಲ.

ನಮ್ಮ ಮನೆಗಳಲ್ಲಿ ಈ ಲೆಕ್ಕ ಇಡುವವರು ಯಾರು? ಬೆಳಗಿನಿಂದ ರಾತ್ರಿವರೆಗೆ ಎಲ್ಲರ ತಾಪವನ್ನೂ ಹೊತ್ತು ಸುತ್ತುವವರೊಬ್ಬರು ಪ್ರತಿ ಮನೆಯಲ್ಲೂ ಇರುತ್ತಾರೆ. ಹೆಚ್ಚಿನ ಮನೆಗಳಲ್ಲಿ ತಾಯಿ. ಕೆಲವೆಡೆ ಮದುವೆಯಾಗದೆ ಉಳಿದ ಅಕ್ಕ. ಅವರು ಒಂದು ದಿನ ಗೊಣಗಿದರೆ ನಾವು ಕೇಳುವುದು ಗೊಣಗನ್ನು ಮಾತ್ರ. "ಸುಮ್ಮನಿರಮ್ಮ, ಯಾವಾಗಲೂ ಇದೇ" ಎನ್ನುತ್ತೇವೆ. ಅವರು ಸುಮ್ಮನಾದರೆ ಮನೆ ಶಾಂತವಾಯಿತೆಂದು ಭಾವಿಸುತ್ತೇವೆ. ತೂತು ಮುಚ್ಚಿದ ಪಂಪಿನ ಕೆಳಗೂ ನೆಲ ಒಣಗಿಯೇ ಇರುತ್ತದೆ. ಒಳಗೆ ಮಾತ್ರ ಕೂಲಂಟ್ ಬೇರಿಂಗಿನ ಗ್ರೀಸನ್ನು ತೊಳೆಯುತ್ತಿರುತ್ತದೆ. ಕಚೇರಿಗಳೂ ಸರ್ಕಾರಗಳೂ ಇದಕ್ಕೆ ಹೊರತಲ್ಲ. ಅಲ್ಲಿ ದೂರು ಕಡಿಮೆಯಾದದ್ದನ್ನು ಸಾಧನೆಯೆಂದೇ ಬರೆದುಕೊಳ್ಳುತ್ತಾರೆ.

ಸರಿ, ಮತ್ತೆ ಆ ಕಾರಿಗೆ ಬರೋಣ: ಪಂಪು ಬದಲಿಸಬೇಕು. ತಯಾರಿ ನಿಂತುಹೋದ ಕಾರಿನ ಹೆಸರು ಹೇಳಿದರೆ ಬಿಡಿಭಾಗದ ಅಂಗಡಿಯವರು ತಲೆ ಅಲ್ಲಾಡಿಸುತ್ತಾರೆ. ಇಂಜಿನ್ನಿನ ಕುಲಗೋತ್ರ ಹೇಳಬೇಕು. ಇಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಬೇಕು. ಟೈಮಿಂಗ್ ಬೆಲ್ಟೇ ಪಂಪನ್ನು ತಿರುಗಿಸುವ ಇಂಜಿನ್ ಆಗಿದ್ದರೆ ರಿಪೇರಿಯ ಉಸ್ತಾದರು ಬೆಲ್ಟು, ಟೆನ್ಶನರುಗಳನ್ನೂ ಹೊಸದಾಗಿ ಹಾಕೋಣ ಎನ್ನುತ್ತಾರೆ. ಬಿಲ್ಲು ಬೆಳೆಸುವ ಉಪಾಯವೆಂದು ನಾವು ಅನುಮಾನಿಸುತ್ತೇವೆ. ಆದರೆ ಕೆಟ್ಟದ್ದು ಒಂದೇ ಎಂದು ಕಂಡರೂ, ಜೊತೆಗೆ ದುಡಿದವೆಲ್ಲ ಅಷ್ಟೇ ದಣಿದಿರುತ್ತವೆ. ಅದನ್ನು ಬಲ್ಲವರ ಮಾತು ಇದು, ಕೇಳುವುದು ಲೇಸು.

ಹೊಸ ಪಂಪೂ ಮೊದಲಿಗೆ ತುಸು ಒಸರಬಹುದು, ಸೀಲ್ ತನ್ನ ಜಾಗದಲ್ಲಿ ಕೂರುವ ತನಕ. ಅಷ್ಟಕ್ಕೇ ಬಿಚ್ಚಿ ಹಾಕಬೇಕಿಲ್ಲ, ಉಸ್ತಾದರೊಡನೆ ಜಗಳವೂ ಬೇಡ. ಬೋರ್‌ವೆಲ್ಲಿನ ಗಡಸು ನೀರು ಸುರಿಯದೆ, ಡಿಸ್ಟಿಲ್ಡ್ ನೀರಿನಲ್ಲಿ ಬೆರೆಸಿದ ಕೂಲಂಟ್ ತುಂಬಿ, ಕೆಳಗೊಂದು ರಟ್ಟು ಹಾಸಿ, ಬೆಳಿಗ್ಗೆ ಎದ್ದು ಕಲೆ ಹಿರಿದಾಯಿತೇ ಕಿರಿದಾಯಿತೇ ಎಂದು ನೋಡಿದರಾಯಿತು.