ಮುಯ್ಯಿ ಪುಸ್ತಕ ಮತ್ತು ರೈಲು ಮದುವೆ

ಮದುವೆ ಯಾರದ್ದು? ಹುಡುಗ ಹುಡುಗಿಯದ್ದು ಅಂತ ಥಟ್ಟನೆ ಹೇಳಿಬಿಡಬಹುದು. ತಿಪಟೂರಿನಲ್ಲಿ ಕೂತು ಕೇಳಿದರೆ ಮಾತ್ರ ಉತ್ತರ ಅಷ್ಟು ಸಲೀಸಲ್ಲ.

ನಾನಿರುವ ವೇಲಚೇರಿಯಲ್ಲೂ ಒಂದು ವಿಜಯನಗರವಿದೆ. ಬೆಂಗಳೂರಿನದಲ್ಲ, ಬಸ್ಸುಗಳು ಬಂದು ನಿಲ್ಲುವ ಇನ್ನೊಂದು. ಅಲ್ಲೇ ಹತ್ತಿರ ಕೋಣೆ ಹಿಡಿದು ಕೆಲಸ ಮಾಡುವ ನನ್ನ ತಂಗಿಯ ಮಗಳು ತಮಿಳು ಹುಡುಗನೊಬ್ಬನನ್ನು ಮದುವೆಯಾಗಲು ಹೊರಟಿದ್ದಾಳೆ. ಇಬ್ಬರಿಗೂ ಪರಿಚಯವಾದದ್ದು ಬೃಂದಾವನ ಎಕ್ಸ್‌ಪ್ರೆಸ್‌ನಲ್ಲಿ. ಹಾಗಾಗಿ ಮದುವೆಯೂ ರೈಲಿನಂತಿರಬೇಕಂತೆ. ಟಿಕೆಟ್ಟಿನಂಥ ಆಮಂತ್ರಣ, ಊಟದ ಮೇಜುಗಳಿಗೆ ಅರಕ್ಕೋಣಂ, ಕಾಟ್ಪಾಡಿ, ಜೋಲಾರಪೇಟೆ ಅಂತ ಹೆಸರು, ಬಂಗಾರಪೇಟೆ ಮೇಜಿನಲ್ಲಿ ಆ ಊರಿನ ಬಿಳಿ ನೀರಿನ ಪಾನಿಪುರಿ. ಪುರೋಹಿತರಿಲ್ಲ. ಜನ ಬರೀ ಅರವತ್ತು.

ಫೋನಿನಲ್ಲಿ ತಂಗಿ ಹೇಳಿದ್ದಿಷ್ಟು: "ಅಕ್ಕ, ಮೂವತ್ತು ವರ್ಷದಿಂದ ಎಲ್ಲರ ಮದುವೇಲೂ ಉಂಡಿದೀನಿ, ಮುಯ್ಯಿ ಹಾಕಿದೀನಿ, ಹಾಕಿಸ್ಕೊಂಡಿದೀನಿ. ಅವರಿಗೆ ಒಂದು ಎಲೆ ಹಾಕದಿದ್ರೆ ನಾನು ಬೀದೀಲಿ ಹೆಂಗೆ ಓಡಾಡ್ಲಿ?"

ಈ ಪ್ರಶ್ನೆಗೆ ಕಾನೂನಿನಲ್ಲಿ ಉತ್ತರವಿಲ್ಲ. ತಮಿಳುನಾಡಿನಲ್ಲಂತೂ ಪುರೋಹಿತರಿಲ್ಲದ ಮದುವೆ ಹೊಸತೇ ಅಲ್ಲ. ಕನ್ನಡ ಮನೆಮಾತಿನ ಕುಟುಂಬದಲ್ಲಿ ಹುಟ್ಟಿದ ಪೆರಿಯಾರ್ ಅವರ ಸ್ವಾಭಿಮಾನ ಮದುವೆಗಳಿಗೆ 1967ರಲ್ಲಿ ಅಣ್ಣಾದುರೈ ಸರ್ಕಾರ ಹಿಂದೂ ವಿವಾಹ ಕಾಯ್ದೆಗೆ 7ಎ ಕಲಮು ಸೇರಿಸಿ ಮಾನ್ಯತೆ ಕೊಟ್ಟಿತು. ಇಬ್ಬರಿಗೂ ಅರ್ಥವಾಗುವ ಯಾವುದೇ ಭಾಷೆಯಲ್ಲಿ ಒಪ್ಪಿಗೆ ಹೇಳಿದರೆ, ಇಲ್ಲವೇ ಹಾರವನ್ನೋ ಉಂಗುರವನ್ನೋ ಬದಲಿಸಿಕೊಂಡರೆ, ಇಲ್ಲವೇ ತಾಳಿ ಕಟ್ಟಿದರೆ ಸಾಕು. ಎದುರಿಗೆ ನಂಟರೋ ಸ್ನೇಹಿತರೋ ಇರಬೇಕು. ಊರಿಗೆಲ್ಲ ಸಾರಬೇಕಾಗಿಲ್ಲ ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿತು.

ನಮ್ಮ ಕಡೆ ಕುವೆಂಪು ಅವರ ಮಂತ್ರ ಮಾಂಗಲ್ಯ ಇದೆಯಲ್ಲ. 1966ರಲ್ಲಿ ತೇಜಸ್ವಿ ಮದುವೆಯಾದದ್ದು ಹಾಗೇ. ಆದರೆ ಅದರಲ್ಲಿ ಬದಲಾದದ್ದು ಮದುಮಕ್ಕಳು ಆಡುವ ಮಾತು, ಆಡಂಬರ ಕಳಚಿಕೊಂಡಿತು. ಈಗಿನ ಬಗೆಬಗೆಯ ಮದುವೆಗಳಲ್ಲಿ ಬಹಳ ಸಲ ಮಾತು ಹಳೆಯದೇ, ಪರದೆ ಮಾತ್ರ ಹೊಸತು. ಕೆಂಪು ಹಸಿರು ಸಿಗ್ನಲ್ ದೀಪಕ್ಕೆ ಆ ಏರ್ಪಾಟಿನವನು ಕೇಳಿದ ದುಡ್ಡು ಕೇಳಿ ನನಗೆ ಎದೆ ಧಸಕ್ಕೆಂದಿತು!

ಹಾಗಂತ ಎಲ್ಲ ಹೊಸತನವನ್ನೂ ಗೇಲಿ ಮಾಡಲಾರೆ. 2022ರ ಫೆಬ್ರವರಿಯಲ್ಲಿ, ಕನ್ನಡ ಮಾತಾಡುವವರೂ ಇರುವ ಕೃಷ್ಣಗಿರಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಮದುವೆಯಾದ ಜೋಡಿ, ಆರತಕ್ಷತೆಯನ್ನು ಕಂಪ್ಯೂಟರಿನೊಳಗೆ ಹ್ಯಾರಿ ಪಾಟರ್ ಕೋಟೆ ಕಟ್ಟಿ ನಡೆಸಿತು. ತೀರಿಕೊಂಡಿದ್ದ ಹುಡುಗಿಯ ತಂದೆ ಅಲ್ಲಿ ಬೊಂಬೆಯ ರೂಪದಲ್ಲಿ ಬಂದು ನಿಂತರು. ಅದು ಬರೀ ಆಟ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಪರಊರಿನಲ್ಲಿರುವ ನಮಗೆ ಒಂದು ಸೌಕರ್ಯವಿದೆ ನೋಡಿ: ಮುಯ್ಯಿ ಪುಸ್ತಕ ನಮ್ಮ ಕಣ್ಣೆದುರು ಇರುವುದಿಲ್ಲ. 'ನನ್ನ ಮದುವೆ, ನನ್ನಿಷ್ಟ' ಅನ್ನುವ ಸ್ವಾತಂತ್ರ್ಯ ಮಗಳದ್ದು; ಅದರ ಬಾಕಿ ತೀರಿಸಬೇಕಾದವಳು ತಾಯಿ. ಇದನ್ನೇ ಹೇಳಿದೆ. ಅವಳು ಸುಮ್ಮನಿರಲಿಲ್ಲ: "ದೊಡ್ಡಮ್ಮ, ಆ ಪುಸ್ತಕದಲ್ಲಿ ನನ್ನ ಹೆಸರು ಬರೆಸು ಅಂತ ನಾನು ಕೇಳಿದ್ನಾ?" ಕೇಳಿರಲಿಲ್ಲ, ನಿಜ. ಆದರೆ ಅವಳ ಅರವತ್ತು ಜನರ ಪಟ್ಟಿಯಲ್ಲಿ ನನ್ನ ಮಹಡಿಯ ಮನೆಯವರಿದ್ದರು. 2015ರ ಡಿಸೆಂಬರಿನಲ್ಲಿ ವೇಲಚೇರಿ ಮುಳುಗಿದಾಗ ಮೂರು ದಿನ ನನಗೆ ಅನ್ನ ಹಾಕಿದವರು ಅವರು. ಅವರನ್ನು ಯಾಕೆ ಕರೆದೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಸಿಗ್ನಲ್ ದೀಪ ರದ್ದಾಯಿತು. ಆ ದುಡ್ಡು ತಿಪಟೂರಿನ ಒಂದು ಹೊತ್ತಿನ ಊಟಕ್ಕೆ ಹೋಗುತ್ತದೆ, ಬಾಳೆ ಎಲೆಯಲ್ಲೇ. ಟಿಕೆಟ್ಟಿನ ಆಮಂತ್ರಣ ಉಳಿದಿದೆ. ತಂಗಿಗೆ ಅದು ಯಾಕೋ ಇಷ್ಟವಾಗಿಬಿಟ್ಟಿದೆ. ಮದುವೆಯ ಮಾತು ಕನ್ನಡದಲ್ಲೇ ಆಡುವುದೆಂದು ಹುಡುಗ ಹಟ ಹಿಡಿದಿದ್ದಾನೆ. ಹಕಾರ ಮಾತ್ರ ಬಾಯಿಗೆ ಬರುತ್ತಿಲ್ಲ. 'ಹೆಂಡತಿ' ಹೋಗಿ 'ಎಂಡತಿ' ಆಗುತ್ತದೆ. ತಿದ್ದಲು ಹೋದರೆ ತಂಗಿ ಫೋನಿನಲ್ಲೇ ಗದರಿದಳು: "ಬಿಡಕ್ಕ, ನಮ್ಮೂರಲ್ಲೂ ಅರ್ಧ ಜನ ಅಂಗೇ ಅನ್ನೋದು!"